ಪಾಯಖಾನೆಯ ಕೀಲಿ

ಬೀದರದ ಕೈಗಾರಿಕಾ ಭವಿಷ್ಯವನ್ನು ಕುರಿತು ಚಿಂತಿಸುವವರು ಮೊದಲು ಒಂದು ಕೀಲಿಯನ್ನು ಕುರಿತು ಚಿಂತಿಸಬೇಕು. ಊರಂಚಿನ ಕೊಳಾರ ಕೈಗಾರಿಕಾ ಪ್ರದೇಶದ ಸೋಯಾ ಗೋದಾಮೊಂದರ ಪಾಯಖಾನೆಯ ಕೀಲಿ ಅದು. ಮ್ಯಾನೇಜರ್ ಓಂಪ್ರಕಾಶ ಅವರ ಜೇಬಿನಲ್ಲಿ ಹತ್ತು ಗಂಟೆಗೆ ಬರುತ್ತದೆ, ಸಂಜೆ ಅವರೊಂದಿಗೇ ಮನೆಗೆ ಹೋಗುತ್ತದೆ.

ಕಾವಲುಗಾರ ಮಚ್ಛೇಂದ್ರ ಜನವಾಡದಿಂದ ಬರುವುದು ಮೊದಲ ಬಸ್ಸಿಗೆ. ಮಬ್ಬು ಬೆಳಕಿನಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ಗೇಟಿನ ಬೀಗ ಎಳೆದು ನೋಡುತ್ತಾರೆ. ಆಮೇಲೆ ರಸ್ತೆಯಾಚೆಯ ಜಾಲಿ ಪೊದೆಗಳತ್ತ ನೋಡುತ್ತಾರೆ. ಅವರ ದೊಡ್ಡ ಕರುಳಿನಲ್ಲಿ ಹುಣ್ಣಾಗಿದೆ. ರಕ್ತ ಹೋಗುತ್ತದೆ, ಅವಸರವಾದರೆ ತಡೆಯಲಾಗುವುದಿಲ್ಲ. ಭಾಲ್ಕಿಯ ಬೀಗರು ಮೂಲವ್ಯಾಧಿ ಎಂದಿದ್ದರು, ಔರಾದಿನ ಷಡ್ಡಕ ಮೆಣಸಿನಕಾಯಿಯ ಮೇಲೆ ತಪ್ಪು ಹೊರಿಸಿದ್ದ. ಎರಡು ವರ್ಷ ಸಪ್ಪೆ ಉಂಡದ್ದೇ ಬಂತು.

ಕೊನೆಗೆ ಬೀದರದಲ್ಲಿ ಕರುಳಿಗೆ ದುರ್ಬೀನು ಹಾಕಿ ನೋಡಿದ ಡಾಕ್ಟರ್ ಫರಹತ ಬೇರೆಯದೇ ಹೇಳಿದರು: "ಕರುಳಾಗ ಕೋಟಿಗಟ್ಟಲೆ ಜೀವಾಣು ಇರ್ತಾವರಿ, ಎಲ್ಲಾ ಹಳೇ ಬಾಡಿಗಿಯವ್ರು. ಕಾವಲಿಗಿರೋ ಬಿಳಿ ರಕ್ತಕಣ ಅವ್ರನ್ನೇ ಕಳ್ಳರಂತ ತಿಳ್ಕೊಂಡು ಹೊಡಿಲತ್ತಾವ. ಪೆಟ್ಟು ಬೀಳೋದು ಮನಿ ಗ್ವಾಡಿಗಿ, ಅಂದ್ರ ಕರುಳಿಗೇ." ಹೀಗೇಕಾಗುತ್ತದೆ ಎಂಬುದು ಪೂರ್ತಿಯಾಗಿ ಯಾರಿಗೂ ತಿಳಿದಿಲ್ಲವಂತೆ.

ಮಚ್ಛೇಂದ್ರ ಅವರಿಗೆ ಇದು ಹೊಸದೆನಿಸಲಿಲ್ಲ. ನನಗೆ ಹೇಳಿದರು: "ಹೋದ ವರ್ಷ ಮಾಲಕರ ಅಳಿಯಗೇ ಕಳ್ಳ ಅಂತ ತಿಳ್ಕೊಂಡು ನಾ ಸೀಟಿ ಊದಿದ್ದೆರಿ. ಆಜೂಬಾಜೂ ಗೇಟಿನವ್ರು ಬಡಿಗಿ ಹಿಡ್ಕೊಂಡು ಬಂದ್ರು. ಅಳಿಯಪ್ಪ ಬ್ಯಾಗ್ ತಲಿಮ್ಯಾಗ ಇಟ್ಕೊಂಡು ಕುಂತಾ! ನಮ್ಮಾಂವನೇ ಅಂತ ಗೊತ್ತಾದ ಮ್ಯಾಲ ನಾನೇ ನಡುವ ನಿಂತು ಎಲ್ಲಾರ್ನೂ ವಾಪಸ್ ಕಳಿಸ್ದೆ."

ಹಾಗೆ ವಾಪಸ್ ಕಳಿಸುವ ಕಣಗಳೂ ದೇಹದಲ್ಲಿವೆ ಎಂದು ಫರಹತ ಹೇಳಿದ್ದಾರೆ. ಈ ರೋಗದಲ್ಲಿ ಅವುಗಳ ಮಾತು ನಡೆಯುವುದಿಲ್ಲ. "ಆ ಡ್ಯೂಟಿ ಈಗ ಗುಳಿಗಿ ಮಾಡ್ತದರಿ," ಎನ್ನುತ್ತಾರೆ ಮಚ್ಛೇಂದ್ರ. "ಆದ್ರ ನಿಧಾನ ಮಾಡ್ತದ."

ನೌಕರಿ ಅಷ್ಟು ನಿಧಾನವನ್ನು ತಾಳುವುದಿಲ್ಲ. ಮೊನ್ನೆ ಅವರು ಪೊದೆಯಲ್ಲಿದ್ದಾಗ ಲಾರಿಯೊಂದು ಗೇಟಿನ ಮುಂದೆ ಹಾರ್ನ್ ಬಾರಿಸುತ್ತ ನಿಂತಿತ್ತು. ಇನ್ನೊಮ್ಮೆ ಗೇಟು ಖಾಲಿ ಕಂಡರೆ ಬೇರೆ ಕಾವಲುಗಾರನನ್ನು ಹುಡುಕಿಕೊಳ್ಳುವುದಾಗಿ ಓಂಪ್ರಕಾಶ ಹೇಳಿದರು. ಇದನ್ನು ಬರೆಯಲೆಂದು ನಾನು ಗೋದಾಮಿಗೆ ಹೋದ ದಿನ ಮಚ್ಛೇಂದ್ರ ಅವರ ಬಳಿ ಪಾಯಖಾನೆಯ ಕೀಲಿ ಕೇಳಿದರು.

"ನಿನಗ ಕೊಟ್ರ ಲಾರಿ ಡ್ರೈವರೆಲ್ಲಾ ಒಳಗ ಬರ್ತಾರೋ ಮಾರಾಯಾ. ಹೊಲಸು ಮಾಡ್ತಾರ."

ಮಚ್ಛೇಂದ್ರ ತಮ್ಮ ಸೊಂಟದ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟರು. "ಸಾಹೇಬ್ರ, ಇಡೀ ಗೋದಾಮಿನ ಕೀಲಿ ನನ್ನ ಕೈಯಾಗ ಅದ. ಒಂದು ಚೀಲ ಹೋಗಿಲ್ಲ. ಪಾಯಖಾನಿದು ನಂಬಂಗಿಲ್ಲೇನ್ರಿ?"

ಓಂಪ್ರಕಾಶ ಗೊಂಚಲು ನೋಡಿದರು, ನನ್ನನ್ನು ನೋಡಿದರು, ಫ್ಯಾನು ನೋಡಿದರು. ಆಮೇಲೆ ಜೇಬಿಗೆ ಕೈ ಹಾಕಿದರು.

ಗೊಂಚಲಿನಲ್ಲಿ ಈಗ ಒಂದು ಕೀಲಿ ಹೆಚ್ಚಿದೆ. ಮಚ್ಛೇಂದ್ರ ಗೇಟಿನಲ್ಲಿದ್ದಾರೆ.