ಹನ್ನೆರಡನೆಯ ಚಿತ್ರ

ಅವರ ಬಲಗಣ್ಣಿನ ಸುತ್ತ ಬಳೆ ಒತ್ತಿದಂಥ ಒಂದು ಕಪ್ಪು ಗುರುತಿತ್ತು. ಐವತ್ತು ವರ್ಷ ಅದೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರಗಳ ಒಳಗನ್ನು ನೋಡುತ್ತ ಕುಳಿತದ್ದರಿಂದ ಬಂದದ್ದು. ಭೂತಗನ್ನಡಿ ತೆಗೆದಿಟ್ಟು ಕಾಫಿ ಕುಡಿಯುವಾಗಲೂ ಆ ಕಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಹಾಸನದ ಹಳೆಯ ಬೀದಿಯೊಂದರಲ್ಲಿ, ದರ್ಜಿ ಅಂಗಡಿಯ ಪಕ್ಕದ ಇಕ್ಕಟ್ಟು ಜಾಗದಲ್ಲಿ ಅವರು ಕೂರುತ್ತಿದ್ದರು. ಬೋರ್ಡಿನಲ್ಲಿ ‘ಗಡಿಯಾರ, ಕ್ಯಾಮೆರಾ ರಿಪೇರಿ’ ಎಂದಿತ್ತು. ಈಚಿನ ಹತ್ತು ವರ್ಷಗಳಲ್ಲಿ ಕ್ಯಾಮೆರಾ ತಂದವಳು ನಾನೊಬ್ಬಳೇ ಇರಬೇಕು.

ನಾನು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಮ್ಮ ಯಜಮಾನರಿಗೆ ಅರಕಲಗೂಡಿನಲ್ಲಿ ಫೋಟೋ ಸ್ಟುಡಿಯೋ ಇತ್ತು. ಅವರು ತೀರಿಕೊಂಡು ಮೂರು ವರ್ಷವಾದ ಮೇಲೆ, ಬೀರು ಖಾಲಿ ಮಾಡುವಾಗ ಅವರ ಹಳೆಯ ಕ್ಯಾಮೆರಾ ಕೈಗೆ ಸಿಕ್ಕಿತು. ಮೇಲೊಂದು ಕೆಳಗೊಂದು ಲೆನ್ಸು. ಎದೆಗೆ ಹಿಡಿದು ತಲೆ ತಗ್ಗಿಸಿ ನೋಡಬೇಕಾದ ಡಬ್ಬಿಯಂಥದು. ಅಗಲವಾದ ಫಿಲ್ಮು, ಒಂದು ರೋಲಿಗೆ ಹನ್ನೆರಡೇ ಚಿತ್ರ. ಗುಂಡಿ ಒತ್ತಿದರೆ ಶಟರ್ ಮಿಸುಕಲಿಲ್ಲ. ಚನ್ನರಾಯಪಟ್ಟಣದ ಹೋಟೆಲಿನವರೊಬ್ಬರು ತಮ್ಮ ಗಾಜಿನ ಕಪಾಟಿನಲ್ಲಿ ಅಂದಕ್ಕೆ ಇಡಲು ಅದನ್ನು ಕೇಳಿದರು. ಕೊಡಲು ಮನಸ್ಸಾಗಲಿಲ್ಲ, ಇಟ್ಟುಕೊಳ್ಳಲು ಕಾರಣವೂ ಕಾಣಲಿಲ್ಲ. ಹಾಸನದ ಬಸ್ಸು ಹತ್ತಿದೆ.

ರಿಪೇರಿಯವರು ಅದನ್ನು ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿದರು. ಟಾರ್ಚು ಬಿಟ್ಟು ಲೆನ್ಸಿನೊಳಗೆ ನೋಡಿದರು.

“ಒಳಗೆ ಬೂಷ್ಟು ಹಿಡ್ದದೆ. ಎಣ್ಣೆ ಗಟ್ಟಿಯಾಗಿ ಶಟರ್ ಅಂಟ್ಕಂಡದೆ.”

“ಮಾಡಿಸೋದು ಒಳ್ಳೇದಾ, ಬೇಡ್ವಾ?”

“ಮಾಡುಸ್ಕಂಡು ಯಾರ ಪೋಟೋ ತೆಗೀತೀರಾ?”

ನಾನು ಕ್ಯಾಮೆರಾ ಸುತ್ತಿ ತಂದಿದ್ದ ಬಟ್ಟೆ ಮಡಿಸತೊಡಗಿದೆ.

“ಬೀರುಗೆ ಇಕ್ಕದಾದ್ರೆ ಬ್ಯಾಡಿ ಮೇಡಮ್ಮ. ತಿರ್ಗ ಅಂಟ್ಕತದೆ. ಯೋಚ್ನೆ ಮಾಡ್ಕಂಡು ಬನ್ನಿ” ಎಂದು ವಾಪಸು ಕೊಟ್ಟರು.

ಬಸ್ಸಿನಲ್ಲಿ ಬರುವಾಗ ಕೋಪ ಬಂದಿತ್ತು. ಮನೆಗೆ ಬಂದು ಬೀಗ ತೆಗೆದಾಗ ಕೋಪ ಉಳಿದಿರಲಿಲ್ಲ. ಹಾಲಿನವನೊಂದಿಗೆ ಆಡುವ ಎರಡು ಮಾತು ಬಿಟ್ಟರೆ ದಿನವಿಡೀ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಯಾರ ಫೋಟೋ ಎಂಬ ಪ್ರಶ್ನೆ ಒಂದು ವಾರ ನನ್ನ ಜೊತೆಯಲ್ಲೇ ಉಂಡಿತು, ಮಲಗಿತು.

ಮುಂದಿನ ಶನಿವಾರ ಮತ್ತೆ ಹೋದೆ. “ಯಾರದು ಅಂತ ಗೊತ್ತಿಲ್ಲ. ಮನೇಲಿ ಮಾತಾಡೋರಿಲ್ಲ. ಇದು ಕೈಲಿದ್ರೆ ಯಾರನ್ನಾದ್ರೂ ನಿಲ್ಸಿ ಮಾತಾಡಿಸ್ಬೋದು ಅನ್ಸುತ್ತೆ” ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದುದನ್ನೆಲ್ಲ ಬದಿಗೆ ಸರಿಸಿ ಕ್ಯಾಮೆರಾ ಇಟ್ಟರು. ಆಮೇಲೆ ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

“ಇದ್ನೂ ನೋಡ್ಬುಡಿ. ಬೆಳಿಗ್ಗೆ ಒಂದ್ಗಂಟೆ ನೆಟ್ಟಗಿರ್ತದೆ, ಆಮ್ಯಾಕೆ ಇಂಗೆ. ಬಿಚ್ಚಿದ್ಮ್ಯಾಲೆ ಸೇರ್ಸಕಾಗ್ದೆ ಓದ್ರೂ ಓಗ್ಬೋದು. ಬೆಂಗ್ಳೂರಲ್ಲಿ ಮಾಡೋರವ್ರೆ.”

“ನೀವೇ ಮಾಡಿ” ಎಂದೆ. ಕೈ ನಡುಗುವುದನ್ನು ಬಚ್ಚಿಡದವರ ಕೈಗೆ ಕೊಡಲು ನನಗೆ ಹೆದರಿಕೆಯಾಗಲಿಲ್ಲ.

ದಿನಕ್ಕೆ ಒಂದು ಗಂಟೆಯಂತೆ ಮೂರು ತಿಂಗಳು ಹಿಡಿಯಿತು. ಪ್ರತಿ ಶನಿವಾರ ಮೊದಲ ಬಸ್ಸಿಗೆ ಹೋಗಿ ಅವರೆದುರಿನ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಅವರ ಹೆಂಡತಿ ಚಿಕ್ಕ ವಯಸ್ಸಿನಲ್ಲೇ ಹೋಗಿದ್ದರು, ಮಕ್ಕಳಿರಲಿಲ್ಲ. ನುಗ್ಗೇಹಳ್ಳಿಯಲ್ಲಿ ಒಬ್ಬ ಅಕ್ಕ ಇದ್ದರು. ಭಾನುವಾರ ಅವರಿಗೊಂದು ಫೋನು. ರಿಪೇರಿಗೆ ಕೊಟ್ಟವರು ಮರೆತೇಬಿಟ್ಟ ಏಳೆಂಟು ಗಡಿಯಾರಗಳು ಗೋಡೆಯ ಮೇಲಿದ್ದವು. ಅಂಗಡಿ ತೆರೆದ ಕೂಡಲೇ ಒಂದೊಂದಕ್ಕೂ ಕೀಲಿ ಕೊಡುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, “ಕೆಟ್ಟಿದ್ರೆ ಜನ ಬತ್ತಾರೆ, ಸರಿಯಾದ್ರೆ ಒಂಟೋಯ್ತಾರೆ. ಇವಾದ್ರೂ ಜೊತೇಲಿ ಇದಾವಲ್ಲ” ಎಂದರು.

ಒಂದು ಶನಿವಾರ ಸಾಸಿವೆಯಷ್ಟು ಸಣ್ಣ ಸ್ಪ್ರಿಂಗೊಂದು ಚಿಮಟದಿಂದ ಹಾರಿಹೋಯಿತು. ಇಬ್ಬರೂ ನೆಲದ ಮೇಲೆ ಕುಳಿತು ಮಧ್ಯಾಹ್ನದವರೆಗೆ ಹುಡುಕಿದೆವು. ಅವರು ಕೊನೆಗೆ ಗೋಡೆಗೊರಗಿ, “ನಾನು ಮುಟ್ಬಾರದಾಗಿತ್ತು” ಎಂದಷ್ಟೇ ಹೇಳಿದರು. ಮನೆಗೆ ಬಂದು ಸೀರೆ ಕೊಡವಿದಾಗ ನೆರಿಗೆಯೊಳಗಿಂದ ಏನೋ ಕಲ್ಲುನೆಲಕ್ಕೆ ಬಿದ್ದ ಸದ್ದಾಯಿತು. ಮರುದಿನ ಭಾನುವಾರ, ಅಂಗಡಿಗೆ ರಜ. ಆದರೂ ಬೆಂಕಿಪೊಟ್ಟಣದಲ್ಲಿ ಸ್ಪ್ರಿಂಗ್ ಇಟ್ಟುಕೊಂಡು ಹೋದೆ. ಅರ್ಧ ಬಾಗಿಲು ತೆರೆದು ಅವರು ಇನ್ನೂ ನೆಲದ ಮೇಲೆ ಹುಡುಕುತ್ತಿದ್ದರು.

ಕ್ಯಾಮೆರಾ ಸಿದ್ಧವಾದ ದಿನ ಗುಂಡಿಯನ್ನು ನನ್ನ ಕೈಲೇ ಒತ್ತಿಸಿದರು. ಬೀಗದ ಚಿಲಕ ಬಿದ್ದಷ್ಟು ಮೆಲ್ಲನೆ ಸದ್ದು. ಮೊದಲ ಚಿತ್ರ ಅವರದೇ ಆಗಲಿ ಎಂದೆ.

“ಬೀದಿಯೋರ್ನ ತೆಗೀರಿ ಮೊದ್ಲು. ಕೊನೇದು ಉಳುದ್ರೆ ನಂದು.”

ಹಾಗೇ ಮಾಡಿದೆ. ಹಾಲಿನವನು, ಬಸ್‌ಸ್ಟ್ಯಾಂಡಿನ ಹೂವಿನವಳು, ಹರದನಹಳ್ಳಿಯಲ್ಲಿದ್ದ ಹಳೆಯ ಸಹೋದ್ಯೋಗಿ, ಹೀಗೆ ಹನ್ನೊಂದು ಜನ. ಹನ್ನೆರಡನೆಯದಕ್ಕೆ ಒಂದು ಶನಿವಾರ ಹೋದಾಗ ಅವರು ಕಟಿಂಗ್ ಮಾಡಿಸಿ, ಬಿಳಿ ಅಂಗಿ ಹಾಕಿಕೊಂಡು ಕುಳಿತಿದ್ದರು. ಹೇಗೆ ಕೂರಬೇಕೆಂದು ಎರಡು ಸಲ ಕೇಳಿದರು. ತೆಗೆದೆ. ಖುಷಿಯಲ್ಲಿದ್ದೆ, ಫಿಲ್ಮನ್ನು ಕೊನೆಯವರೆಗೆ ಸುತ್ತದೆ, ಮನೆಯ ಜಗಲಿಯ ಬಿಸಿಲಿನಲ್ಲೇ ಕ್ಯಾಮೆರಾದ ಹಿಂಬದಿಯ ಮುಚ್ಚಳ ತೆರೆದುಬಿಟ್ಟೆ. ತಕ್ಷಣ ಮುಚ್ಚಿದೆ. ಬೆಂಗಳೂರಿನಲ್ಲಿ ತೊಳೆದು ಕಳಿಸಿದಾಗ ಎಂಟು ಚಿತ್ರ ಚೆನ್ನಾಗಿದ್ದವು, ಮೂರು ಮಂಕಾಗಿದ್ದವು. ಸುರುಳಿಯ ಹೊರಗಡೆ ಇದ್ದ ಹನ್ನೆರಡನೆಯದನ್ನು ಬೆಳಕು ಪೂರಾ ತಿಂದಿತ್ತು.

ಇನ್ನೊಂದು ತೆಗೆಯೋಣವೆಂದು ಹೊಸ ರೋಲು ಹಾಕಿಕೊಂಡು ಹೋದೆ. ಅಂಗಡಿ ಮುಚ್ಚಿತ್ತು. ಪಕ್ಕದ ದರ್ಜಿ ಹೊಲಿಗೆ ನಿಲ್ಲಿಸಿ ಹೇಳಿದ: “ಬುಧವಾರ ತೀರ್ಕಂಡ್ರು ಮೇಡಮ್. ಅವ್ರಕ್ಕನ ಕಡೆಯೋರು ಬಂದು ನುಗ್ಗೇಹಳ್ಳಿಗೆ ತಗಂಡೋದ್ರು.”

ನುಗ್ಗೇಹಳ್ಳಿಯಲ್ಲಿ ಅವರ ಅಕ್ಕನ ಮನೆ ಹುಡುಕಿಕೊಂಡು ಹೋದೆ. ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಯಾರೋ ಗದರಿಸಿದ್ದಕ್ಕೆ ಬೆಚ್ಚಿದವರಂತೆ ಕಾಣುತ್ತಿದ್ದರು ಅದರಲ್ಲಿ.

“ಕ್ಯಾಮ್ರದ ಮೇಡಮ್ಮ ನೀವೇನಾ? ಪೋಟೋ ತಂದ್ರಾ?” ಎಂದು ಆ ಅಕ್ಕ ಕೇಳಿದರು.

ಆದದ್ದನ್ನು ಹೇಳಿದೆ. ಅವರು ಹಾರ ಹಾಕಿದ ಚಿತ್ರದತ್ತ ತಿರುಗಿದರು.

“ಓಗ್ಲಿ ಬುಡಿ. ‘ನೆನ್ನೆ ಪೋಟೋಕೆ ಕೂತಿದ್ದೆ ಕಣಕ್ಕ’ ಅಂತ ಪೋನ್ ಮಾಡಿದ್ದ. ಅವನು ಅಷ್ಟೊಂದು ಮಾತಾಡಿದ್ದು ಅವತ್ತೇಯ.” ಸೆರಗಿನಲ್ಲಿ ಮುಖ ಒರೆಸಿಕೊಂಡು, “ನಂದೊಂದು ತೆಗೀರಿ. ನಂಗೂ ಆ ಚೀಟಿ ಪೋಟೋನೇ ಗತಿಯಾಗೋದು ಬ್ಯಾಡ” ಎಂದರು.

ಜಗಲಿಯಲ್ಲಿ ಕೂರಿಸಿ ತೆಗೆದೆ. ಆ ರೋಲನ್ನು ಕೊನೆಯವರೆಗೆ ಸುತ್ತಿ, ಕತ್ತಲೆ ಕೋಣೆಯಲ್ಲಿ ಕುಳಿತು ಹೊರತೆಗೆದೆ. ಚಿತ್ರ ಚೆನ್ನಾಗಿ ಬಂತು. ಕೊಡಲು ಹೋದಾಗ ಊಟ ಮಾಡದೆ ಅವರು ಏಳಗೊಡಲಿಲ್ಲ.

ಅಷ್ಟು ಹಳೆಯ ಕ್ಯಾಮೆರಾ ರಿಪೇರಿ ಮಾಡಿಸಿ ಏನು ಬಂತು ಎಂದು ಈಗಲೂ ಕೇಳುವವರಿದ್ದಾರೆ. ಶನಿವಾರ ಬಂದರೆ ಯಾವುದೋ ಊರಿನ ಬಸ್ಸು ಹತ್ತುತ್ತೇನೆ. ಯಾರನ್ನೋ ನಿಲ್ಲಿಸಿ ಮಾತಾಡಿಸಿ ತಲೆ ತಗ್ಗಿಸುತ್ತೇನೆ. ಹೊಳೆನರಸೀಪುರದ ಮನೆಯಲ್ಲಿ ಈಗ ನೂರಾರು ಮುಖಗಳಿವೆ. ರಿಪೇರಿಯವರದೊಂದಿಲ್ಲ.