ತಂದೆಯ ನುಡಿಯ ಒಂದು ಪದ

ಜಿಲ್ಲಾ ನ್ಯಾಯಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ದುಭಾಷಿಯಾಗಿದ್ದ ಆತನನ್ನು ವಕೀಲರು ಬೆನ್ನ ಹಿಂದೆ ‘ಎರಡು ನಾಲಿಗೆ’ ಎಂದೇ ಕರೆಯುತ್ತಿದ್ದರು. ಕೊಟ್ಟ ಮಾತಿಗೆ ತಪ್ಪಿದವನೇನಲ್ಲ. ತಂದೆ ದೇಶದ ಮೇಲಣ ಬೆಟ್ಟಸೀಮೆಯವನು, ತಾಯಿ ಇದೇ ಕಡಲಸೀಮೆಯವಳು, ಅಷ್ಟೇ. ದೇಶ ಒಂದೇ, ಆದರೆ ಅದರ ಒಂದು ತುದಿಯಲ್ಲಿ ಆಡಿದ ಮಾತು ಇನ್ನೊಂದು ತುದಿಯಲ್ಲಿ ಬೇರೆಯೇ ಮುಖ ಹೊತ್ತು ನಿಲ್ಲುವಷ್ಟು ವಿಶಾಲವಾದುದು. ಬೆಟ್ಟದವರು ಆತನನ್ನು ಕಡಲಿನವನೆಂದರು, ಕಡಲಿನವರು ಬೆಟ್ಟದವನೆಂದರು. ಮಾತೆಂಬುದು ಭಗವಂತನು ನಂಬಿ ಕೈಗಿತ್ತ ವಸ್ತು, ಅದನ್ನು ಮುಕ್ಕಾಗದಂತೆ ತಲುಪಿಸಬೇಕು ಎಂಬ ಶ್ರದ್ಧೆಯೊಂದೇ ಆತನಿಗೆ ನೆಲೆಯಾಗಿತ್ತು.

ಬೆಟ್ಟಸೀಮೆಯಿಂದ ಬಂದ ಲಾರಿ ಚಾಲಕನೊಬ್ಬನ ಮೇಲೆ ಹೊಲಿಗೆ ಯಂತ್ರ ಕದ್ದ ಆರೋಪ ಬಂದಿತ್ತು. ಯಂತ್ರದ ಒಡತಿ ಪರವೂರಿಗೆ ಹೋದಾಗ ಮನೆ ನೋಡಿಕೊಂಡಿದ್ದವಳು ನೆರೆಯ ಮುದುಕಿ, ಆಕೆಯೂ ಬೆಟ್ಟದವಳೇ. ಚಾಲಕ ಬಂದು ಯಂತ್ರವನ್ನು ಒಯ್ದನೆಂಬುದಕ್ಕೆ ಆಕೆ ಒಂದು ಪದವನ್ನಾಡಿದಳು. ದುಭಾಷಿ ಅದನ್ನು ‘ಕದ್ದೊಯ್ದ’ ಎಂದು ತಿಳಿಸಿದ. ಕಡಲಿನ ನುಡಿಯನ್ನರಿಯದ ಚಾಲಕ ಮುದುಕಿಯ ಮಾತಿಗೆ ಹೌದೆಂದು ತಲೆಯಾಡಿಸಿದ. ನೋಡಿದವರೆಲ್ಲ ಅದನ್ನು ತಪ್ಪೊಪ್ಪಿಗೆಯೆಂದೇ ಬಗೆದರು. ತೀರ್ಪು ಮರುದಿನಕ್ಕೆ ನಿಂತಿತು.

ಆ ತಲೆಯಾಡಿಕೆ ಮಾತ್ರ ದುಭಾಷಿಯ ಬೆನ್ನು ಬಿಡಲಿಲ್ಲ. ಕದ್ದವನು ಅಷ್ಟು ನಿರಾಳವಾಗಿ ಒಪ್ಪುವುದುಂಟೆ? ಸಂಜೆ ಮನೆಗೆ ಬಂದವನು ಕುಳಿತಲ್ಲಿ ಕೂರಲಾರದೆ, ನೆಪಕ್ಕೊಂದು ಕೆಲಸ ಬೇಕೆಂದು ಹೆಂಚು ಸರಿಪಡಿಸಲು ಏಣಿ ಹುಡುಕಿದ. ಎದುರುಮನೆಯವನು ಅದನ್ನು ತೆಗೆದುಕೊಂಡು ಹೋದನೆಂದು ಬೆಟ್ಟದಿಂದ ಬಂದು ಜೊತೆಗಿದ್ದ ಸೋದರತ್ತೆ, ತಂದೆಯ ತಂಗಿ, ಒಳಗಿನಿಂದಲೇ ತಿಳಿಸಿದಳು. ಬಳಸಿದ್ದು ಮುದುಕಿಯಾಡಿದ ಅದೇ ಪದ.

“ಕದ್ದುಕೊಂಡು ಹೋದ್ನಾ?” ಎಂದು ಆತ ಒಳಗೆ ಧಾವಿಸಿ ಕೇಳಿದ.

“ಅಯ್ಯೋ ಮಂಕೇ, ಅವನಿಗೆ ಕದಿಯೋಂಥದ್ದೇನು ಬಂದಿದೆ? ನನ್ನ ಕೇಳೇ ತಗೊಂಡ. ಆ ಪದಕ್ಕೆ ಕದಿಯೋದು ಅನ್ನೋ ಅರ್ಥ ನಿಮ್ಮಮ್ಮನ ಕಡಲಿನೋರದ್ದು. ನಿಮ್ಮಪ್ಪ ಇದ್ದಿದ್ರೆ ಈ ಒಂದು ಪದಕ್ಕೇ ನಿನ್ನ ಕಿವಿ ಹಿಂಡ್ತಿದ್ದ.”

ಆತ ಅಂಗಳವನ್ನು ಎಷ್ಟು ಬಾರಿ ಸುತ್ತಿದನೋ. ಆಡಿದ್ದನ್ನು ಹಿಂದೆಗೆದುಕೊಂಡರೆ ವಕೀಲರಿಟ್ಟ ಹೆಸರು ದಿಟವಾಗುತ್ತದೆ, ಕೆಲಸಕ್ಕೂ ಕುತ್ತು. ತುಟಿ ಹೊಲಿದುಕೊಂಡರೆ ನಿರಪರಾಧಿಗೆ ಸೆರೆಮನೆ. ಮುಂಜಾನೆಯ ಪ್ರಾರ್ಥನೆಯಲ್ಲೂ ಎರಡು ಸಲ ಮಾತು ತಪ್ಪಿತು.

ನ್ಯಾಯಾಧೀಶರು ಪೀಠವೇರಿದೊಡನೆ ಆತ ಎದ್ದು ನಿಂತು ತನ್ನ ತಪ್ಪನ್ನು ನಿವೇದಿಸಿಕೊಂಡ. ಒಂದು ದಿನದಲ್ಲಿ ಪದದ ಅರ್ಥವೇ ಬದಲಾಗಿಬಿಟ್ಟಿತೇ ಎಂದು ಸರ್ಕಾರಿ ವಕೀಲರು ಕುಟುಕಿದರು. ನ್ಯಾಯಾಧೀಶರು ಕನ್ನಡಕ ತೆಗೆದರು.

“ಅದು ನಿಮ್ಮ ಮಾತೃಭಾಷೆ ಅಲ್ವೇನ್ರಿ?”

“ಅಲ್ಲ ಸ್ವಾಮಿ. ನಮ್ಮ ತಂದೆಯ ಭಾಷೆ. ನಾನು ಅದನ್ನ ಅಮ್ಮನ ಕಿವಿಯಿಂದ ಕೇಳಿಸ್ಕೊಂಡ್ಬಿಟ್ಟೆ.”

ಬೆಟ್ಟಸೀಮೆಯಲ್ಲೇ ಹುಟ್ಟಿ ಬೆಳೆದ ಶಾಲಾ ಮಾಸ್ತರರೊಬ್ಬರನ್ನು ಕರೆಸಿ ಮುದುಕಿಯನ್ನು ಮತ್ತೆ ವಿಚಾರಿಸಿದರು. ಕೇಳಿಯೇ ಒಯ್ದ, ಅವನ ಹೆಂಡತಿ ಎರಡು ಅಂಗಿ ಹೊಲಿದುಕೊಳ್ಳಲೆಂದು ತಾನೇ ಕೊಟ್ಟೆ ಎಂದಳು ಆಕೆ. ಇದನ್ನು ನಿನ್ನೆಯೇ ಹೇಳಿದ್ದೆನಲ್ಲ ಎಂದು ಸಿಡುಕಿದಳು. ಮಧ್ಯಾಹ್ನದೊಳಗೆ ಚಾಲಕನ ಬಿಡುಗಡೆಯಾಯಿತು. ಬೆಟ್ಟದ ನುಡಿಗೆ ಇನ್ನು ಮಾಸ್ತರರನ್ನೇ ಕರೆಯತಕ್ಕದ್ದೆಂಬ ಆದೇಶವೂ ಅಂದೇ ಹೊರಟಿತು.

ಅಲ್ಲಿಂದ ಮುಂದೆ ಸೋದರತ್ತೆ ಏನೇ ಹೇಳಲಿ, ಆತ ತಡೆದು ನಿಂತು, ಆ ಪದಕ್ಕೆ ಇನ್ನೊಂದು ಅರ್ಥವಿದೆಯೇ ಎಂದು ವಿಚಾರಿಸತೊಡಗಿದ. ಸೋದರಳಿಯನ ಕಿವಿ ಮಂದವಾಯಿತೆಂದುಕೊಂಡ ಆಕೆ ಎಲ್ಲವನ್ನೂ ಕೂಗಿ ಕೂಗಿಯೇ ಹೇಳುತ್ತಾಳೆ.