ಎಂಬತ್ತು ಪಾಠದ ಜಪಾನಿ

ಸ್ನೇಹಿತರೇ, ಇಯರ್‌ಫೋನ್ ಹಾಕಿಕೊಂಡು ಭಾಷೆ ಕಲಿತವರನ್ನು ವ್ಯಾಪಾರದ ಮಾತಿಗೆ ಕೂರಿಸಬೇಡಿ. ಇವತ್ತು ಬೆಳಿಗ್ಗೆ ನಾನು ಕೂರಿಸಿದೆ.

ರಾಜಾಜಿನಗರದ ನನ್ನ ವರ್ಕ್‌ಶಾಪಿಗೆ ಜಪಾನಿನ ಎಂಜಿನಿಯರ್ ಒಬ್ಬರು ಬಂದಿದ್ದರು. ನಾವು ಮಾಡುವ ಸ್ಪ್ರಿಂಗ್ ಅವರಿಗೆ ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಆದರೆ ಅವರ ದುಭಾಷಿಗೆ ಜ್ವರ. "ನಾನಿದೀನಲ್ಲ ಅಂಕಲ್, ಎಂಬತ್ತು ಆಡಿಯೋ ಪಾಠ ಮುಗಿಸಿದೀನಿ" ಎಂದು ಹೊರಟುಬಂದ, ನಮ್ಮ ಮಹಡಿ ಮನೆಯ ಬಾಡಿಗೆದಾರ ಮಂಜುನಾಥ. ಆರು ತಿಂಗಳಿಂದ ಬಸವೇಶ್ವರನಗರದ ಪಾರ್ಕಿನಲ್ಲಿ ಅವನು ಗೊಣಗುತ್ತ ಸುತ್ತುವುದನ್ನು ನಾನೇ ನೋಡಿದ್ದೆ. ನಂಬಿದೆ.

ನಮಸ್ಕಾರ ಚೆನ್ನಾಗಿಯೇ ಹೇಳಿದ. ಅತಿಥಿ ಖುಷಿಯಾಗಿ, ಸ್ಪ್ರಿಂಗ್ ಎತ್ತಿ ಹಿಡಿದು ಏನೋ ಕೇಳಿದರು. ಮಂಜುನಾಥ ಅದನ್ನೇ ಒಂದಕ್ಷರ ಬಿಡದೆ ಗಟ್ಟಿಯಾಗಿ ವಾಪಸ್ ಹೇಳಿದ. ಅವರು ನಿಧಾನವಾಗಿ ಮತ್ತೆ ಕೇಳಿದರು. ಇವನೂ ನಿಧಾನವಾಗಿ ಮತ್ತೆ ಹೇಳಿದ.

"ಏನಯ್ಯಾ ಕೇಳ್ತಿದಾರೆ ಅವ್ರು?"

"ಗೊತ್ತಿಲ್ಲ ಅಂಕಲ್. ಕೋರ್ಸಲ್ಲಿ ಕೇಳಿದ್ದನ್ನ ತಿರುಗಿ ಹೇಳ್ಬೇಕು, ಅಷ್ಟೇ. ಆಮೇಲೆ ಉತ್ತರಾನೂ ಆಡಿಯೋದವರೇ ಹೇಳ್ತಾರೆ."

ಅತಿಥಿ ಬ್ಯಾಗ್ ಎತ್ತಿಕೊಳ್ಳುವುದರಲ್ಲಿದ್ದರು. ಅಷ್ಟರಲ್ಲಿ ನಮ್ಮ ಫಿಟ್ಟರ್ ರುದ್ರಪ್ಪ, ಒಂದು ಮಾತೂ ಆಡದೆ, ಆ ಸ್ಪ್ರಿಂಗನ್ನು ಟೆಸ್ಟಿಂಗ್ ಮಷಿನ್ನಿಗೆ ಇಟ್ಟು, ಎಷ್ಟು ಭಾರ ತಡೆಯುತ್ತದೆಂದು ಒತ್ತಿ ತೋರಿಸಿದ. ಅವರು ಡಯಲ್ಲಿನ ಮುಳ್ಳು ನೋಡಿದರು, ತಲೆಯಾಡಿಸಿದರು, ಎರಡೂ ಕೈಯ ಬೆರಳು ಅಗಲಿಸಿ ಹತ್ತು ಸ್ಯಾಂಪಲ್ ಕೇಳಿದರು.

ವಾಪಸ್ ಬರುವಾಗ ಮಂಜುನಾಥ ಸ್ಕೂಟರ್ ಹಿಂದಿನಿಂದ ಕೇಳಿದ: "ನನ್ನ ಉಚ್ಚಾರಣೆ ಸೂಪರ್ ಇತ್ತಲ್ವಾ ಅಂಕಲ್?"

ಇತ್ತಪ್ಪ. ಆ ಅತಿಥಿಯನ್ನು ನಮ್ಮ ಖಾಲಿ ಗೋಡೌನಿನಲ್ಲಿ ನಿಲ್ಲಿಸಿ ಮಾತಾಡಿಸಿದ್ದರೂ ಗೋಡೆಯಿಂದ ಅಷ್ಟೇ ಶುದ್ಧವಾದ ಜಪಾನಿ ವಾಪಸ್ ಕೇಳಿಸುತ್ತಿತ್ತು.